ಸಾಹೇಬನ ಗಂಟೆಗೆ ಅಜ್ಜಿಯ ಉತ್ತರ

ಕಲಾವಿದೆಯ ಮುತ್ತಜ್ಜ, ಎಂದರೆ ಅವಳ ಅಜ್ಜಿಯ ಅಪ್ಪ, ಪರಂಗಿ ಸಾಹೇಬನೊಬ್ಬನ ಬಂಗಲೆಯಲ್ಲಿ ಊಟ ಬಡಿಸುವ ಆಳಾಗಿದ್ದ. ಮೇಜಿನ ಮೇಲಿನ ಗಂಟೆ ಕಿಣಿ ಎಂದರೆ ಓಡಬೇಕು. ತಡವಾದರೆ ಬೆತ್ತದ ರುಚಿ. ಸಾಹೇಬ ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೂ, ಬೀದಿಯಲ್ಲಿ ಸೈಕಲ್ ಬೆಲ್ ಕೇಳಿಸಿದರೆ ಸಾಕು, ಮುತ್ತಜ್ಜ ತುತ್ತು ಬಿಟ್ಟು ಎದ್ದು ನಿಲ್ಲುತ್ತಿದ್ದನಂತೆ.

ಈ ಕತೆಯನ್ನು ಅಜ್ಜಿಯ ಬಾಯಲ್ಲಿ ಕೇಳುತ್ತ ಬೆಳೆದ ಮೊಮ್ಮಗಳು ಬಟ್ಟೆ, ತಗಡು, ಹಳೇ ಫೋಟೋ, ದನಿ ಎಲ್ಲವನ್ನೂ ಸೇರಿಸಿ ಕಲಾಕೃತಿ ಮಾಡುವವಳಾದಳು. ಈ ಸಲ ಗ್ಯಾಲರಿಯ ನಡುವೆ ಸಾಹೇಬನ ಊಟದ ಮೇಜನ್ನೇ ಸಜ್ಜುಗೊಳಿಸಿದಳು. ಮೇಜಿನ ಬಟ್ಟೆಯ ತುಂಬ ಓಡುವ ಅಂಗಾಲುಗಳ ಕಸೂತಿ. ಬಂದವರು ಗಂಟೆ ಬಾರಿಸಿದರೆ ಪರದೆಯ ಹಿಂದಿನಿಂದ, ರೆಕಾರ್ಡ್ ಮಾಡಿಟ್ಟ ಅಜ್ಜಿಯ ದನಿಯಲ್ಲಿ ಮುತ್ತಜ್ಜನ ಕತೆ ಕೇಳಿಸಬೇಕು.

ಉದ್ಘಾಟನೆಯ ದಿನವೇ ಸ್ಪೀಕರ್ ಕೈಕೊಟ್ಟಿತು. ಕಲಾವಿದೆ ತಲೆಯ ಮೇಲೆ ಕೈಹೊತ್ತು ಕೂತಳು.

"ಅದಕ್ಯಾಕೆ ಮುಖ ಊದಿಸ್ಕೊಂಡಿದ್ದೀಯ? ಕುರ್ಚಿ ಹಾಕು, ಹಿಂದೆ ನಾನೇ ಕೂತು ಹೇಳ್ತೀನಿ," ಎಂದಳು ಅಜ್ಜಿ, ಸೆರಗು ಸಿಕ್ಕಿಸಿಕೊಳ್ಳುತ್ತ.

"ರೆಕಾರ್ಡಲ್ಲಿ ಇದ್ದಷ್ಟೇ ಹೇಳ್ಬೇಕು ಅಜ್ಜೀ. ತಲೆಹರಟೆ ಮಾಡ್ಬಾರ್ದು."

"ನಾನ್ಯಾಕೆ ಮಾಡ್ಲಿ!"

ಮುಖ್ಯ ಅತಿಥಿಯಾಗಿ ಬಂದಿದ್ದ ಕಲಾಸಂಘದ ಅಧ್ಯಕ್ಷರು ಗತ್ತಿನಿಂದ ಗಂಟೆ ಬಾರಿಸಿದರು. ಪರದೆಯ ಹಿಂದೆ ಸದ್ದಿಲ್ಲ. ಮತ್ತೆ ಬಾರಿಸಿದರು.

"ಬಂದೆ ತಾಳಪ್ಪಾ! ಏನು, ಮನೆಗೆ ಬೆಂಕಿ ಬಿದ್ದಿದೆಯಾ?"

ಕಲಾವಿದೆ ಹಣೆ ಚಚ್ಚಿಕೊಂಡಳು. ಅಧ್ಯಕ್ಷರಿಗೋ ಮಜಾ ಬಂತು. ಇನ್ನೊಮ್ಮೆ ಬಾರಿಸಿದರು.

"ಕೈಕಾಲು ಗಟ್ಟಿಯಾಗೇ ಇದೆಯಲ್ಲ? ಬೇಕಾದ್ದನ್ನ ಎದ್ದು ಬಂದು ತಗೋ. ಬರೋವಾಗ ನನಗೂ ಒಂದು ಲೋಟ ನೀರು ತಾ."

ಇದೂ ಕಲೆಯೇ ಎಂದು ನಂಬಿದ ಅಧ್ಯಕ್ಷರು ಲೋಟ ಹಿಡಿದು ವಿನಯದಿಂದ ಪರದೆ ಸರಿಸಿದರು. ಅಜ್ಜಿ ನಿಧಾನವಾಗಿ ಕುಡಿದು, ಲೋಟವನ್ನು ಅವರ ಕೈಗೇ ಕೊಟ್ಟು, "ತೊಳೆದಿಡು," ಎಂದಳು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಬೈಸಿಕೊಳ್ಳಲು ಜನ ಸಾಲುಗಟ್ಟಿ ನಿಂತರು.

ಎಲ್ಲರೂ ಹೋದ ಮೇಲೆ ಮೊಮ್ಮಗಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಕತೇದು ಒಂದಕ್ಷರಾನೂ ಹೇಳ್ಲಿಲ್ವಲ್ಲ ಅಜ್ಜೀ!"

"ಹೇಳೋಣ ಬಿಡು. ನಮ್ಮಪ್ಪ ನಾಲಿಗೆ ತುದೀಗೆ ಬಂದಿದ್ದನ್ನೆಲ್ಲ ನುಂಗ್ಕೊಂಡು ಬದುಕಿದ ಕಣೇ. ಮೊದಲು ಅದಿಷ್ಟೂ ಹೇಳಿ ಮುಗೀಲಿ."

ಮೊಮ್ಮಗಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. ಮೂಗೊರೆಸಿಕೊಂಡು, ಸ್ಪೀಕರ್ ರಿಪೇರಿಯವನಿಗೆ ಫೋನ್ ಮಾಡಿ, ನಾಳೆ ಬರುವುದು ಬೇಡ ಎಂದಳು.