ಕರಿ ನಾಕು

ಪದದ ಎರಡನೆಯ ಸಾಲಿಗೇ ರಾಚವ್ವನ ದನಿ ಕೈಕೊಟ್ಟಿತು. ಪಡಸಾಲೆಯಲ್ಲಿ ಭಜನಾ ಮೇಳ ಹಾಡುತ್ತಿತ್ತು. ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು ಕುಳಿತಿದ್ದ ಅವಳು, ನಲವತ್ತು ವರ್ಷ ಮಾಡಿಕೊಂಡು ಬಂದ ಹಾಗೆಯೇ, ಒಳಗಿನಿಂದಲೇ ಸಣ್ಣಗೆ ದನಿಗೂಡಿಸಲು ನೋಡಿದಳು. ಕೆಳಗಿಳಿದರೆ ಗಂಟಲಿನಿಂದ ಬರೀ ಗಾಳಿ ಬಂತು, ಮೇಲೆ ಹೋದರೆ ಕಿರುಚಿದಂತಾಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡು ಸುಮ್ಮನಾದಳು.

ಗಂಡ ನಿಜಗುಣಪ್ಪ ತೀರಿಕೊಂಡು ಅಂದಿಗೆ ಹನ್ನೊಂದನೆಯ ದಿನ. ಪೂಜೆ, ಊಟ ಎಲ್ಲ ಮುಗಿದು, ಮಧ್ಯಾಹ್ನ ಅವನದೇ ಮೇಳ ಅವನ ಫೋಟೊದ ಮುಂದೆ ಕುಳಿತಿತ್ತು. ಈ ಪದವೆಂದರೆ ಅವನಿಗೆ ಪ್ರಾಣ. ಇದನ್ನು ಇನ್ನೊಂದು ಸಲ ಅವನ ಜೊತೆ ಹಾಡಿ ಕಳಿಸಿಕೊಡಬೇಕು ಎಂದುಕೊಂಡು ರಾಚವ್ವ ಇಷ್ಟು ದಿನ ಅಳುವನ್ನೂ ತಡೆದು ಕಾದಿದ್ದಳು.

"ದುಃಖ ಗಂಟಲಾಗ ಕುಂತೈತಿ, ಯವ್ವಾ. ಬಿಸಿನೀರು ಕುಡಿ," ಎಂದಳು ಮಗಳು ಅನ್ನಪೂರ್ಣಾ.

ಕುಡಿದಳು. ಮತ್ತೆ ಪ್ರಯತ್ನಿಸಿದಳು. ಆಗಲಿಲ್ಲ. ಹೋಗುವಾಗ ನನ್ನ ದನಿಯನ್ನೂ ಕಟ್ಟಿಕೊಂಡು ಹೋದನಲ್ಲ ಎಂದು ಗಂಡನ ಮೇಲೆ ಕೆಟ್ಟ ಸಿಟ್ಟು ಬಂತು.

ನಿಜಗುಣಪ್ಪ ತೊರಗಲ್ಲಿನಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಅವನ ಹಾರ್ಮೋನಿಯಂ ಕೊಡವಿದರೆ ಎರಡು ರೊಟ್ಟಿಗಾಗುವಷ್ಟು ಹಿಟ್ಟು ಉದುರುತ್ತದೆ ಎಂದು ಊರವರು ಕಾಡಿಸುತ್ತಿದ್ದರು. ಭಜನೆ ಸವದತ್ತಿಯಲ್ಲಿರಲಿ, ಬೈಲಹೊಂಗಲದಲ್ಲಿರಲಿ, ಮೊದಲ ಬಸ್ಸು ಹಿಡಿದು ಮನೆಗೆ ಬರುತ್ತಿದ್ದ. ಯಾಕೆಂದರೆ ಶಾಲೆಗೆ ಹೊರಟ ಮಗಳ ಜಡೆ ಹೆಣೆಯುವುದು ಅವನ ಕೆಲಸ. ಎಷ್ಟು ಬಿಗಿಯಾಗಿ ಹೆಣೆಯುತ್ತಿದ್ದನೆಂದರೆ ಹುಡುಗಿಯ ಹುಬ್ಬೆರಡೂ ಮೇಲಕ್ಕೇರಿ, ಇಡೀ ದಿನ ಏನನ್ನೋ ಕಂಡು ಬೆರಗಾದವಳ ಹಾಗೆ ಕಾಣುತ್ತಿದ್ದಳು. ಹೆಂಡತಿಯ ಮೇಲೆ ಒಂದು ದಿನವೂ ದನಿ ಏರಿಸಿದವನಲ್ಲ.

ಮೇಳದಲ್ಲಿ ಹೆಂಗಸರು ಕೂರುವ ರೂಢಿ ಇರಲಿಲ್ಲ. ಅತ್ತೆ ಇದ್ದಾಗಂತೂ ಅಡುಗೆಮನೆಯ ಹೊಸ್ತಿಲು ದಾಟುವ ಮಾತೇ ಇಲ್ಲ. ಅತ್ತೆ ಹೋದ ಮೇಲೂ ರಾಚವ್ವ ದಾಟಲಿಲ್ಲ. ಪ್ರತಿ ಸೋಮವಾರ ರೊಟ್ಟಿ ಬಡಿಯುತ್ತ ಒಳಗೇ ಹಾಡಿಕೊಂಡಳು. ಅದು ಅವನ ಕಿವಿಗೆ ಬೀಳುತ್ತಿತ್ತೋ ಇಲ್ಲವೋ, ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಪದ ಮುಗಿಯಿತು. ರಾಚವ್ವ ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬಂದಳು. ತಬಲಾ ಮುದಕಪ್ಪ, ಗಂಡನ ಹಳೆಯ ಗೆಳೆಯ, ಕಪ್ಪು ಎತ್ತಿಕೊಳ್ಳುತ್ತ ಅಂದ, "ಇವತ್ತ ನಮ್ಮ ಗಂಟಲು ಉಳದ್ವು ನೋಡ್ರಿ ವೈನಿ. ಗುರುನಾಥ ಮಾಸ್ತರ ಬಿಳಿ ಎರಡಕ್ಕ ಹಿಡದಾರ. ನಿಮ್ಮ ಯಜಮಾನ ನಲವತ್ತ ವರ್ಷ ಕರಿ ನಾಕಕ್ಕ ಹಾಡಿಸಿ ನಮ್ಮ ಜೀವಾ ತಿಂದ."

"ಅಂದ್ರ?"

ಗಂಡನ ಜಾಗದಲ್ಲಿ ಹಾರ್ಮೋನಿಯಂ ಮುಂದೆ ಕುಳಿತಿದ್ದ ಗುರುನಾಥ, ರಾಮದುರ್ಗದ ಶಾಲೆಯೊಂದರ ಮಾಸ್ತರ, ಎರಡನೆಯ ಬಿಳಿ ಮನೆ ಒತ್ತಿ ಶ್ರುತಿ ಕೇಳಿಸಿದ. "ಇದು ಗಂಡಸರಿಗೆ ಹಗುರ ರೀ, ಕಾಕು." ಆಮೇಲೆ ನಾಲ್ಕನೆಯ ಕರಿ ಮನೆ. "ಇಷ್ಟು ಮ್ಯಾಲ ಹೆಣ್ಣಮಕ್ಕಳು ಹಾಡ್ತಾರ. ಕಾಕಾ ಯಾಕ ಇದನ್ನ ಹಿಡೀತಿದ್ರೋ ಏನೋ."

"ಸೊಕ್ಕು!" ಮುದಕಪ್ಪ ನಕ್ಕ. "ತನ್ನ ದನಿ ಏರತೈತಿ ಅಂತ ಸೊಕ್ಕು. ಒಮ್ಮೆ ಮಾತ್ರ ದೇವರು ಬುದ್ಧಿ ಕೊಟ್ಟಿದ್ದ. ಅನ್ನಪೂರ್ಣಾ ಹುಟ್ಟಿದಾಗ ಬಾಣಂತನಕ್ಕ ನೀವು ಉಗರಗೋಳಕ್ಕ ತವರಿಗೆ ಹೋಗಿದ್ರಲ್ಲಾ, ಆ ಐದು ತಿಂಗಳು ಬಿಳಿ ಎರಡು. ಸುಖಾ ಪಟ್ವಿ. ನೀವು ತಿರುಗಿ ಬಂದ ಸೋಮವಾರನ ಮತ್ತ ಕರಿ ನಾಕು! ಯಾಕೋ ಅಂದ್ರ, ಹವಾ ಬದಲಾಗೇತಿ ಅಂದ."

ರಾಚವ್ವ ತಟ್ಟೆಯನ್ನು ನೆಲಕ್ಕಿಟ್ಟಳು. ಆ ಸೋಮವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಒಲೆಯ ಮುಂದೆ, ಒಂದಿಷ್ಟೂ ಕಷ್ಟವಿಲ್ಲದೆ ಹಾಡಿದ್ದಳು. ಪದಗಳು ಇರುವುದೇ ಅಷ್ಟು ಎತ್ತರಕ್ಕೆ ಎಂದು ತಿಳಿದಿದ್ದಳು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು ಈ ಮನುಷ್ಯನದು! ಹನ್ನೊಂದು ದಿನ ತಡೆದ ಅಳು ಒಮ್ಮೆಲೇ ನುಗ್ಗಿ ಬಂತು. ನಾಲ್ಕು ಜನ ಗಂಡಸರ ಎದುರು, ಸೆರಗನ್ನೂ ಅಡ್ಡ ಹಿಡಿಯದೆ, ಸಣ್ಣ ಹುಡುಗಿಯ ಹಾಗೆ ಅತ್ತಳು. ಏನು ತಪ್ಪು ಮಾತಾಡಿದೆನೋ ಎಂದು ಮುದಕಪ್ಪ ಗಾಬರಿಯಾದ.

ಅತ್ತು ಮುಗಿದ ಮೇಲೆ ಅವಳು ಒಳಗೆ ಹೋಗಲಿಲ್ಲ. ಜಮಖಾನೆಯ ಮೇಲೆ, ಹಾರ್ಮೋನಿಯಂ ಪಕ್ಕದಲ್ಲೇ ಕುಳಿತಳು.

"ಮಾಸ್ತರ, ಅದ ಪದಾ ಇನ್ನೊಮ್ಮೆ. ಕರಿ ನಾಕು ಹಿಡೀರಿ."

"ಕಾಕಾ ಇಲ್ದ ನಮಗ ಏರಂಗಿಲ್ರಿ, ಕಾಕು."

"ನನಗ ಏರತೈತಿ."

ಮುದಕಪ್ಪ ಅವಳನ್ನು ನೋಡಿದ. ಅಡುಗೆಮನೆಯ ಬಾಗಿಲನ್ನು ನೋಡಿದ. ಆಮೇಲೆ ಮುಂದಿದ್ದ ತಬಲಾ ಪಕ್ಕಕ್ಕೆ ಸರಿಸಿ, ಚೀಲದೊಳಗಿಂದ ಕರಿ ನಾಕಕ್ಕೆ ಕೂಡುವುದನ್ನು ತೆಗೆದ. ಸುತ್ತಿಗೆಯಿಂದ ಸುತ್ತಲೂ ಬಡಿದು, ಕಿವಿಗೊಟ್ಟು, ಮತ್ತೆ ಬಡಿದು ಶ್ರುತಿ ಕೂಡಿಸಿದ. ಯಾರೂ ಅವಸರ ಮಾಡಲಿಲ್ಲ.

ರಾಚವ್ವ ಪದ ಎತ್ತಿಕೊಂಡಳು. ಗಂಡಸರು ಒಂದು ಸಾಲು ಜೊತೆಗೆ ಬಂದರು, ಎರಡನೆಯದಕ್ಕೆ ಏದುಸಿರು ಬಿಟ್ಟರು. ಮೂರನೆಯ ಸಾಲು ಮೇಲಕ್ಕೇರಿದಾಗ ಒಬ್ಬೊಬ್ಬರಾಗಿ ಬಿಟ್ಟುಕೊಟ್ಟರು. ಕೊನೆಗೆ ಗುರುನಾಥನೂ ಬಾಯಿ ಮುಚ್ಚಿ ಬರೀ ಬೆರಳಾಡಿಸಿದ. ರಾಚವ್ವ ನಿಲ್ಲಿಸಲಿಲ್ಲ. ಮುದಕಪ್ಪ ತಲೆ ಎತ್ತದೆ ತಾಳ ಹಿಡಿದೇ ಇದ್ದ.