ಎಡ ಅಂಚಿನ ತೋಳ

ಮೂವತ್ತನಾಲ್ಕು ಇಂಚಿನ ಅಗಲ ಮಾನಿಟರಿಗೆ ಮೂವತ್ತೊಂದು ಸಾವಿರ. ಇಪ್ಪತ್ತೇಳು ಇಂಚಿನ ಸಾದಾದಕ್ಕೆ ಹದಿನಾಲ್ಕು. ಹಳೆಯದನ್ನು ಕೊಟ್ಟರೆ ಎಂಟುನೂರು ಕಡಿಮೆ. ಎರಡು ಸೀಸನ್ ಮದುವೆ ಆಲ್ಬಮ್ ಡಿಸೈನ್ ಮಾಡಿ ಅನುಜಾ ಕೂಡಿಟ್ಟದ್ದು ಮೂವತ್ತೆರಡು ಸಾವಿರ.

"ಎಂಟುನೂರು ಭಾಳ ಕಡಿಮಿ ಆತಪಾ ಜುಬೇರ," ಎನ್ನುತ್ತ ಅವಳ ಅತ್ತೆ ಭಾಗೀರಥಿಬಾಯಿ ಕುರ್ಚಿ ಎಳೆದುಕೊಂಡರು. ಜೇವರ್ಗಿಯಲ್ಲಿ ಜುಬೇರನದು ಸಣ್ಣ ಕಂಪ್ಯೂಟರ್ ಅಂಗಡಿ.

"ಆಟ ಆಡೋರು ಅಕ್ಕಾರು, ಚೌಕಾಶಿ ನಿಮ್ದೇನ್ರಿ ಅಮ್ಮಾರ?"

"ಕೈ ಆಕಿದು. ತಲಿ ನಂದು."

ಅದು ನಿಜವೇ ಆಗಿತ್ತು. ಸಂಜೆ ಕೆಲಸ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ಒಂದು ಆಟ ಆಡುತ್ತಿದ್ದರು. ಕಳೆದುಹೋದ ತಮ್ಮನನ್ನು ಹುಡುಕುತ್ತ ಹಿಮದ ಬೆಟ್ಟ ದಾಟುವ ಅಕ್ಕನ ಕಥೆ ಅದು. ಇಂಗ್ಲಿಷ್ ಮಾತನ್ನು ಅನುಜಾ ಕನ್ನಡದಲ್ಲಿ ಹೇಳುವಳು. ದಾರಿಹೋಕನನ್ನು ನಂಬಬೇಕೋ ಬೇಡವೋ ಎಂದು ಆಟ ಕೇಳಿದರೆ, ಅಂದೋಲಾ ಮಠದಲ್ಲಿ ವರ್ಷಗಟ್ಟಲೆ ಪುರಾಣ ಕೇಳಿದ್ದ ಭಾಗೀರಥಿಬಾಯಿ ತೀರ್ಪು ಕೊಡುವರು. ಕಾವಲೂ ಅವರದೇ. ಅನುಜಾಳ ಕಣ್ಣು ನಡುವಿನ ಹಾದಿಯ ಮೇಲೆ, ಅಂಚಿನಲ್ಲಿ ಬರುವ ತೋಳಗಳು ಅತ್ತೆಯ ಪಾಲಿಗೆ.

ಆದರೆ ಎರಡು ತಿಂಗಳಿಂದ ತೋಳಗಳು ಹೇಳದೆ ಕೇಳದೆ ಮೈಮೇಲೆ ಬೀಳುತ್ತಿದ್ದವು. "ಪರದಿ ಸಣ್ಣದದ. ಅಂಚಿನ್ಯಾಗಿಂದು ಕಾಣಂಗಿಲ್ಲ," ಎಂದಿದ್ದರು ಅತ್ತೆ. ಹಾಗಾಗಿಯೇ ಅನುಜಾ ಅಗಲದ್ದನ್ನು ಕೊಳ್ಳಲು ಹೊರಟದ್ದು.

ಅವಳು ಆಟೊದಲ್ಲಿ ಹೊತ್ತು ತಂದ ಸಿಪಿಯುಗೆ ಜುಬೇರ ದೊಡ್ಡ ಮಾನಿಟರ್ ಜೋಡಿಸಿ ಆಟ ತೆರೆದ. ಬೆಟ್ಟ ಈ ಗೋಡೆಯಿಂದ ಆ ಗೋಡೆಗೆ ಹರಡಿಕೊಂಡಿತು. ಎಡಕ್ಕೆ, ಕಲ್ಲಿನ ಪಕ್ಕ ಒಂದು ತೋಳ ನಿಂತಿತ್ತು. ಅನುಜಾ ಅದನ್ನು ನೋಡಿಯೂ ಸುಮ್ಮನಿದ್ದಳು. ಹೇಳುವ ಹಕ್ಕು ಅತ್ತೆಯದು. ಅತ್ತೆ ಹೇಳಲಿಲ್ಲ. ತೋಳ ನಡುವಿಗೆ ಜಿಗಿಯಿತು.

"ಅಯ್ಯ, ಇದೆಲ್ಲಿಂದ ಬಂತಬೇ?"

"ಆಗಿಂದ ಅಲ್ಲೇ ನಿಂತಿತ್ತರಿ ಅತ್ತಿ."

"ಇವನ ಅಂಗಡ್ಯಾಗ ಬೆಳಕ ಇಲ್ಲ."

ಜುಬೇರ ತಲೆಯ ಮೇಲೆ ಉರಿಯುತ್ತಿದ್ದ ಎರಡು ಟ್ಯೂಬ್‌ಲೈಟ್ ನೋಡಿದ. ಅನುಜಾ ಅತ್ತೆಯ ಎಡಕ್ಕೆ ಬಂದು ಕೈ ಎತ್ತಿದಳು.

"ನಡುವ ನೋಡ್ರಿ, ತಿರುಗಬ್ಯಾಡ್ರಿ. ನನ್ನ ಬೆರಳು ಎಷ್ಟದಾವ?"

"ಎಲ್ಲಿ ಹಿಡದಿ?"

ಅನುಜಾ ಕೈ ಇಳಿಸಿದಳು. "ಯಾವಾಗಿಂದ್ರಿ?"

ಭಾಗೀರಥಿಬಾಯಿ ಸೆರಗು ಸರಿಮಾಡಿಕೊಂಡರು. "ಯುಗಾದಿಗಿಂತ ಮೊದಲಿಂದ. ಹೇಳಿದ್ರ ಕಣ್ಣಿಗಿ ತ್ರಾಸ ಅಂತ ನೀ ಆಟ ಬಂದ್ ಮಾಡ್ತಿದ್ದಿ."

ಜುಬೇರ ಮಾನಿಟರಿನ ವೈರು ಕಳಚಿದ. "ಇದೆಲ್ಲೂ ಓಡಿ ಹೋಗಂಗಿಲ್ರಿ ಅಕ್ಕಾರ. ಮೊದಲ ಅಮ್ಮಾರನ ಕಲಬುರಗಿ ಕಣ್ಣಿನ ದವಾಖಾನಿಗೆ ಕರಕೊಂಡು ಹೋಗ್ರಿ."

ಕಣ್ಣಿನ ಒತ್ತಡ ಏರಿ ನರ ಸವೆದಿದೆ ಎಂದರು ಡಾಕ್ಟರು. ಹೋದ ಅಂಚು ತಿರುಗಿ ಬರುವುದಿಲ್ಲ. ದಿನಾ ತಪ್ಪದೆ ಹನಿ ಹಾಕಿದರೆ ಇದ್ದದ್ದನ್ನು ಉಳಿಸಿಕೊಳ್ಳಬಹುದು. ಆಟ ಬಿಡಬೇಕೇ ಎಂದು ಭಾಗೀರಥಿಬಾಯಿಯೇ ಮೊದಲು ಕೇಳಿದರು. ಬೇಡ ಎಂದರು ಡಾಕ್ಟರು. ತಪಾಸಣೆ, ಲೇಸರ್, ಬಸ್ಸು ಎಂದು ಹನ್ನೊಂದು ಸಾವಿರ ಹೋಯಿತು. ಉಳಿದದ್ದನ್ನು ಅನುಜಾ ಹನಿಗೆಂದು ಎತ್ತಿಟ್ಟಳು.

ಹಳೆಯ ಮಾನಿಟರ್ ಮನೆಯಲ್ಲೇ ಉಳಿಯಿತು. ಅತ್ತೆಯ ಕುರ್ಚಿಯನ್ನು ಮಾತ್ರ ಅನುಜಾ ನಾಲ್ಕು ಹೆಜ್ಜೆ ಹಿಂದೆ, ಬಾಗಿಲ ಹತ್ತಿರ ಹಾಕಿದಳು. ಅಲ್ಲಿಂದ ಇಡೀ ಪರದೆ ಅವರ ಉಳಿದ ನೋಟದೊಳಗೆ ಹಿಡಿಯುತ್ತಿತ್ತು.

"ಎಡಕ್ಕೊಂದು ನಿಂತದ ನೋಡು," ಬಾಗಿಲಿಂದ ದನಿ ಬಂತು.

ಅನುಜಾ ನೋಡಿದಳು. ನಿಂತಿತ್ತು.