ಐತವಾರದ ಕಂಬಳಿ

ಸುಗಲಾಬಾಯಿಯನ್ನು ಕಂಬಳಿಯ ಮೇಲಿಂದ ಎತ್ತಬೇಕೋ, ಕಂಬಳಿ ಸಮೇತ ಎತ್ತಬೇಕೋ ತಿಳಿಯದೆ ನಾಲ್ವರು ಗಂಡಸರು ಅರ್ಧ ಬಗ್ಗಿ ನಿಂತಿದ್ದರು.

“ಸಮೇತ ಎತ್ರಿ,” ಎಂದ ಬೀರೋಬಾ ಗುಡಿಯ ಕಮಿಟಿ ಅಧ್ಯಕ್ಷ ಸಾಯಬಣ್ಣ. “ತನ್ನ ಕಂಬಳಿ ತನ್ನ ಸಂಗಾಟ ಮಣ್ಣಿಗಿ ಹೋಗೂದು ನಮ್ಮ ರೀತಿ.”

“ಇದು ಆಯಿದಲ್ಲ ಕಾಕಾ, ಸಾಲೀದು,” ಎಂದಳು ಮೊಮ್ಮಗಳು ಮನೀಷಾ.

ಕರಜಗಿಯ ಗುಡಿಯ ಪಕ್ಕದ ಕೋಣೆಯಲ್ಲಿ ರಜೆಯ ದಿನ, ಐತವಾರಕ್ಕೊಮ್ಮೆ, ಆ ಶಾಲೆ ನಡೆಯುತ್ತಿತ್ತು. ಡೊಳ್ಳಿನ ಹಾಡು, ಬೀರೋಬಾನ ಕತೆ, ಕೊನೆಗೆ ಒಂದಿಷ್ಟು ಕನ್ನಡ ಅಕ್ಷರ. ಅಲ್ಲಿ ಕಲಿಸುತ್ತಿದ್ದ ಗಂಡ ಅಮೋಗಸಿದ್ಧ ತೀರಿದ ಮೇಲೆ ಓದು ಬರದ ಸುಗಲಾಬಾಯಿಯೇ ಹಾಡುಗಳನ್ನು ಬಾಯಿಂದ ಬಾಯಿಗೆ ದಾಟಿಸಿದಳು. ಅಕ್ಷರಕ್ಕೆ ಮನೀಷಾ ಸೋಲಾಪುರದಿಂದ ಎಸ್‌ಟಿ ಬಸ್ಸು ಹಿಡಿದು ಬರುತ್ತಿದ್ದಳು. ಈಗ ಉಳಿದದ್ದು ಹನ್ನೊಂದು ಮಕ್ಕಳು. ಗುಡಿಯ ಹಣ ಈ ವರ್ಷ ಒಂದೇ ಕೆಲಸಕ್ಕೆ ಸಾಲುತ್ತಿತ್ತು: ಗುಡಿಗೆ ಮಾರ್ಬಲ್ ನೆಲ, ಇಲ್ಲವೇ ಸೋರುವ ಶಾಲೆಗೆ ಹೊಸ ಮಾಳಿಗೆ. ಬರುವ ಐತವಾರ ಕಮಿಟಿ ತೀರ್ಮಾನಿಸಬೇಕಿತ್ತು.

“ಸಾಲಿ ಮುಗೀತು ಬಿಡವ್ವಾ,” ಸಾಯಬಣ್ಣನ ದನಿ ಮೆತ್ತಗಿತ್ತು, ಆದರೆ ಅಂಗಳಕ್ಕೆಲ್ಲ ಕೇಳಿಸಿತು. “ಸಾಲಿ ಖೋಲಿ ಬಿಟ್ಟು ಕೊಡ್ತೀನಂತ ಆಯೀನೇ ನನ್ನ ಮುಂದ ಒಪ್ಪಿದ್ಳು.”

“ಆಕಿ ತನ್ನ ಚಹಾದ ಕಪ್ಪ ಯಾರಿಗೂ ಬಿಟ್ಟು ಕೊಟ್ಟಾಕಿ ಅಲ್ಲ,” ಎಂದಳು ಹೆಣದ ಕಾಲ ಬಳಿ ಕೂತಿದ್ದ ನೆರೆಮನೆಯ ಕಸ್ತೂರಬಾಯಿ. “ಖೋಲಿ ಹೆಂಗ ಕೊಟ್ಳಪಾ?”

ಮನೀಷಾ ಕಂಬಳಿಯ ಖಾಲಿ ಅಂಚನ್ನು ಅಂಗೈಯಿಂದ ಸವರಿ ಸರಿಮಾಡಿದಳು.

“ಹಂಗಾರ ಇದರ ಮ್ಯಾಲ ಕುಂತು ಹೇಳ್ರಿ ಕಾಕಾ.”

ಕಂಬಳಿಯ ಮೇಲೆ ಕೂತವರು ಸುಳ್ಳಾಡುವಂತಿಲ್ಲ. ಈ ಊರಿನ ಎಷ್ಟೋ ಬದುವಿನ ಜಗಳಗಳು ಕೋರ್ಟು ಕಾಣದೆ ಹಾಗೆಯೇ ಮುಗಿದಿದ್ದವು.

*

ಐವತ್ತು ವರ್ಷದ ಹಿಂದೆ ಅದು ಹೊಸ ಕಂಬಳಿ. ಹುಣಸೆ ಬೀಜದ ಗಂಜಿಯ ಬಿರುಸು ಇನ್ನೂ ತೊಡೆಗೆ ಚುಚ್ಚುತ್ತಿತ್ತು. ಆರು ವರ್ಷದ ಸಾಯಬಣ್ಣ ಅದರ ಒಂದು ಮೂಲೆಯಲ್ಲಿ ಕೂತಿದ್ದ. ಹಾಡು ಉದ್ದವಾಗಿತ್ತು, ಎದ್ದು ಹೋಗಲು ಅಂಜಿಕೆ. ಮೂಲೆ ಒದ್ದೆಯಾಯಿತು.

ಅಮೋಗಸಿದ್ಧ ಡೊಳ್ಳು ನಿಲ್ಲಿಸಿ ಯಾರೆಂದು ಕೇಳಿದ. ಮೂವತ್ತು ತಲೆಗಳು ತಿರುಗಿದವು. ಬಾಗಿಲಲ್ಲಿ ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದ ಸುಗಲಾಬಾಯಿ ಎದ್ದು ಬಂದು ಹುಡುಗನ ಪಕ್ಕ, ಕಂಬಳಿಯ ಮೇಲೆಯೇ ಕೂತಳು.

“ಮರಿ ಉಚ್ಚಿ ಹೊಯ್ತು,” ಎಂದಳು. “ಈಗಷ್ಟ ಇಲ್ಲಿ ಬಂದಿತ್ತು.”

ಅಮೋಗಸಿದ್ಧ ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಡೊಳ್ಳು ಬಾರಿಸಿದ. ಹಾಡು ಮುಗಿಯುವ ತನಕ ಆಕೆ ಆ ಒದ್ದೆಯ ಮೇಲಿಂದ ಏಳಲಿಲ್ಲ.

*

ಸಾಯಬಣ್ಣ ಚಪ್ಪಲಿ ಬಿಟ್ಟು ಕಂಬಳಿಯ ಅಂಚಿಗೆ ಬಂದ. ತೊಳೆದು ತೊಳೆದು ಒಂದು ಮೂಲೆಯ ಕರಿ ಉಣ್ಣೆ ಮಾಸಿ ಕಂದಾಗಿತ್ತು. ಅವನು ಕೂರಲಿಲ್ಲ. ಅಧ್ಯಕ್ಷನಾದ ದಿನ ಊರವರು ಹೊದಿಸಿದ್ದ ಹೊಸ ಕಂಬಳಿಯನ್ನು ಹೆಗಲಿಂದ ತೆಗೆದು ನೆಲಕ್ಕೆ ಹಾಸಿದ.

“ಇದರ ಮ್ಯಾಲ ತಗೋರಿ,” ಎಂದ. “ಖೋಲೀದು ಆಯಿ ನನ್ನ ಮುಂದ ಏನೂ ಅಂದಿದ್ದಿಲ್ಲ.”

ಹನ್ನೊಂದು ಮಕ್ಕಳು ಹಾಡುತ್ತ ಮುಂದೆ ನಡೆದರು. ಕುಣಿಯ ಮೇಲೆ ಎಲ್ಲರೂ ಭಂಡಾರದ ಅರಿಶಿನ ಎರಚಿದರು.

ಮಣ್ಣು ಮುಗಿಸಿ, ಮಿಂದು, ತಡವಾಗಿ ಬಂದ ಜನ ಗುಡಿಯ ಮುಂದೆ ಹಾಯುವಾಗ, ಶಾಲೆಯ ಬಾಗಿಲಲ್ಲಿ ತೊಳೆದ ಕಂಬಳಿ ಬಿಸಿಲಿಗೆ ಹರಡಿತ್ತು. ಒಣಗುವಾಗ ಉಣ್ಣೆ ಮುದುಡದಂತೆ ಮನೀಷಾ ಮೂರು ಮೂಲೆಗೆ ಕಲ್ಲು ಹೇರಿದ್ದಳು. ನಾಲ್ಕನೆಯದನ್ನು, ಅದೇ ಕಂದಿದ ಮೂಲೆಯನ್ನು, ಸಾಯಬಣ್ಣ ಕಂಬಳಿಯ ಹೊರಗೆ ಬರಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಎಳೆದು ಹಿಡಿದಿದ್ದ.